ಐವತ್ತರ ಕೆಳಗೆ ಎಂಬತ್ತೆರಡು

ಗಜೇಂದ್ರಗಡದ ಕಲಾಯಿ ನಜೀರಸಾಬರ ಮನೆಯಲ್ಲಿ ಮಾತು ನೆಟ್ಟಗೆ ಹೋಗುತ್ತಿರಲಿಲ್ಲ. ಅಪ್ಪ ಮಗಳಿಗೆ ಹೇಳಬೇಕಾದದ್ದು ಮೊದಲು ಜಹೀದಾಳ ಹತ್ತಿರ ಬರಬೇಕು, ಅಲ್ಲಿಂದ ಮುಂದೆ ಸಾಗಬೇಕು.

"ಜಹೀದಾ, ನಿನ್ ಮಗಳಿಗೆ ಹೇಳು, ರೋಣದ ಬಸ್ಸು ಹೋದೀತು."

"ಅವರಿಗೆ ಹೇಳಮ್ಮಾ, ನನ್ನ ಬಸ್ಸು ನನಗ ಗೊತ್ತೈತಿ."

ಇಬ್ಬರೂ ಕೂತಿರುವುದು ಒಂದೇ ಪಡಸಾಲೆಯಲ್ಲಿ, ನಡುವೆ ನಾಲ್ಕು ಮೊಳ ಜಾಗವಿಲ್ಲ. ಆದರೂ ಜಹೀದಾ ಕೈಯಲ್ಲಿದ್ದ ಲಟ್ಟಣಿಗೆ ಬಿಟ್ಟು ಎದ್ದು, ಗಂಡನ ಎದುರಿಗೆ ಬಂದು ನಿಂತು, ಮಗಳ ಮಾತನ್ನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಒಪ್ಪಿಸುತ್ತಿದ್ದಳು. ಆರು ವರ್ಷದಿಂದ ಹೀಗೇ ನಡೆದಿತ್ತು. ಓಣಿಯವರು ಮೊದಮೊದಲು ನಕ್ಕರು, ಆಮೇಲೆ ನಗುವುದಕ್ಕೂ ಬೇಸರವಾಗಿ ಬಿಟ್ಟುಬಿಟ್ಟರು.

ಜಗಳ ಹುಟ್ಟಿದ್ದು ಒಂದು ಪಟದಿಂದ. ಇಷ್ರತ ಬಿ.ಎಸ್ಸಿ. ಪಾಸಾದ ವರ್ಷ ಹುಬ್ಬಳ್ಳಿಯಿಂದ ಆವರ್ತಕ ಕೋಷ್ಟಕದ ಬಣ್ಣದ ಪಟವೊಂದನ್ನು ತಂದು, ಅಪ್ಪ ಭಟ್ಟಿ ಹೂಡುವ ಅಂಗಳದ ಗೋಡೆಗೆ ತೂಗುಹಾಕಿದ್ದಳು. ಜಗತ್ತಿನ ಮೂಲವಸ್ತುಗಳೆಲ್ಲ ಅದರಲ್ಲಿ ಒಂದೊಂದು ಚೌಕ ಹಿಡಿದುಕೊಂಡು ಕೂತಿದ್ದವು. ಬಿಂದಿಗೆಯ ಒಳಮೈಗೆ ತವರದ ಕಲಾಯಿ ಹಾಕಿಸಲು ಬಂದ ಯಾವಗಲ್ಲಿನ ಮಾಳಪ್ಪ, ಇದೇನು ಕ್ಯಾಲೆಂಡರ್ರೇನು ಎಂದು ಕೇಳಿದ. ಕೇಳಿದ್ದೇ ತಡ, ಹೊಸದಾಗಿ ಕಲಿತವರಿಗೆ ಇರುವ ಹುರುಪಿನಲ್ಲಿ ಇಷ್ರತ ಪಾಠಕ್ಕೇ ನಿಂತಳು.

"ಕಾಕಾ, ಪರಮಾಣು ಅಂತ ಇರ್ತೈತಿ, ಕಣ್ಣಿಗೆ ಕಾಣದಷ್ಟು ಸಣ್ಣದು. ಅದರ ನಟ್ಟನಡುವ ಪ್ರೋಟಾನ್ ಇರ್ತಾವ. ಎಷ್ಟು ಪ್ರೋಟಾನೋ ಅದ ಅದರ ಜಾತಿ. ಐವತ್ತಿದ್ರ ತವರ. ಒಂದು ಹೆಚ್ಚಾದ್ರೂ ಅದು ತವರ ಅಲ್ಲ. ಸುತ್ತ ಇಲೆಕ್ಟ್ರಾನ್ ತಿರಗತಾವ, ಸುತ್ತಿನ ಹೊರಗ ಸುತ್ತು. ತವರದ ಕಟ್ಟಕಡೀ ಸುತ್ತಿನ್ಯಾಗ ನಾಕು ಅದಾವ. ಈಗ ಅದರ ಕೆಳಗಿನ ಮನಿ ನೋಡ್ರಿ. ಸೀಸ, ಎಂಬತ್ತೆರಡು. ಅದರ ಕಟ್ಟಕಡೀ ಸುತ್ತಿನ್ಯಾಗೂ ನಾಕ. ಅದಕ್ಕ ಎರಡೂ ಒಂದ ಸಾಲಿನ್ಯಾಗ ಕುಂತಾವ, ಕಾಸಿದ್ರ ಒಂದರಾಗೊಂದು ಕಲೀತಾವ. ಹೊರಗಿಂದ ನೋಡಿದ್ರ ಗೊತ್ತಾಗಂಗಿಲ್ಲ."

ಅಷ್ಟಕ್ಕೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅಪ್ಪ ಆಗಷ್ಟೇ ತವರದ ಕಡ್ಡಿ ಕೈಗೆತ್ತಿಕೊಂಡಿದ್ದರು.

ಆ ಮನೆತನಕ್ಕೊಂದು ಪದ್ಧತಿ ಇತ್ತು. ಭಟ್ಟಿಗೆ ಬೆಂಕಿ ಹಾಕುವ ಮೊದಲು ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಬೇಕು. ಅಪ್ಪಟ ತವರವಾದರೆ ಒಳಗಿಂದ ಚಿರ್ರೆಂದು ಅಳುತ್ತದೆ. ಸೀಸ ಬೆರೆತಿದ್ದರೆ ಮೂಕಾಗಿ ಬಾಗುತ್ತದೆ. ಮೊದಲು ಕಲಾಯಿಯವನು ಕೇಳಬೇಕು, ಆಮೇಲೆ ಪಾತ್ರೆಯ ಮಾಲೀಕನ ಕಿವಿಗೆ ಹಿಡಿದು ಕೇಳಿಸಬೇಕು, ಅವನು "ಅಳ್ತು" ಅಂದ ಮೇಲೆಯೇ ಬೆಂಕಿಗೆ ಗಾಳಿಯೂದುವ ಚರ್ಮದ ತಿದಿ ಒತ್ತಬೇಕು. ಇದನ್ನು ಹಾಕಿಕೊಟ್ಟವರು ನಜೀರಸಾಬರ ಅಪ್ಪ. ನಜೀರಸಾಬರ ಕಿವಿ ಎಂದರೆ ಕೋರ್ಟಿನ ಮುದ್ರೆ ಇದ್ದ ಹಾಗೆ ಎಂದು ಸುತ್ತಲಿನ ನಲವತ್ತು ಹಳ್ಳಿಯವರು ಹೇಳುತ್ತಿದ್ದರು.

ಅಂಥ ಕಿವಿಯ ಮುಂದೆ, ಗಿರಾಕಿಯ ಎದುರಿಗೆ, ಇಪ್ಪತ್ತೊಂದು ವರ್ಷದ ಮಗಳು ನಗುತ್ತ ಅಂದುಬಿಟ್ಟಳು: "ಕಿವಿ ಸುಳ್ಳು ಹೇಳಬಹುದು ಕಾಕಾ. ಈ ಪಟ ಹೇಳಂಗಿಲ್ಲ."

ನಜೀರಸಾಬರು ಎದ್ದು ಬಂದು ಪಟವನ್ನು ಹರಿದರು, ನಾಲ್ಕು ಮಡಿಕೆ ಮಾಡಿದರು, ಭಟ್ಟಿಗೆ ತುರುಕಿ ಅದರಿಂದಲೇ ಅವತ್ತಿನ ಬೆಂಕಿ ಹೊತ್ತಿಸಿದರು. ನೂರು ಚಿಲ್ಲರೆ ಮೂಲವಸ್ತುಗಳು ಬೂದಿಯಾಗಲು ಎರಡು ನಿಮಿಷ ಹಿಡಿಯಲಿಲ್ಲ. ಮಾಳಪ್ಪನ ಬಿಂದಿಗೆ ಮಾತ್ರ ಚೆನ್ನಾಗಿ ಹೊಳೆಯಿತು.

"ಇವತ್ತಿಂದ ಈಕಿ ಜೋಡಿ ನನ್ನ ಮಾತು ಮುಗೀತು" ಎಂದು ಅವರು ಜಹೀದಾಳಿಗೆ ಹೇಳಿದರು. ಇಷ್ರತಳೂ ಅಪ್ಪನ ಮಗಳೇ. ಅವರ ಬಾಯಿಂದ ತಾನಾಗಿ ಮಾತು ಬರುವ ತನಕ ನಾನೂ ಆಡುವುದಿಲ್ಲ ಎಂದಳು. ಒಂದೆರಡು ಸಲ ಮನಸ್ಸು ತಡೆಯದೆ ಬೆನ್ನ ಹಿಂದಿನಿಂದ "ಅಬ್ಬಾ" ಎಂದು ಕರೆದದ್ದೂ ಉಂಟು. ಅವರು ತಿರುಗಲಿಲ್ಲ. ಕಲ್ಲಿಗಾದರೂ ಕರುಣೆ ಇದ್ದೀತು, ಈ ಮನುಷ್ಯನಿಗಿಲ್ಲ ಎಂದುಕೊಂಡು ಆಕೆ ಅದನ್ನೂ ಬಿಟ್ಟಳು. ಬಿ.ಎಡ್. ಮಾಡಿ ರೋಣದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದಳು. ಪ್ರತಿ ವರ್ಷ ಒಂಬತ್ತನೆಯ ತರಗತಿಗೆ ಆವರ್ತಕ ಕೋಷ್ಟಕದ ಪಾಠ ಬಂದಾಗ ಐವತ್ತನೆಯ ಮನೆಯ ಹತ್ತಿರ ಅವಳ ದನಿ ತಾನೇ ಬಿರುಸಾಗುತ್ತಿತ್ತು.

ಇದೆಲ್ಲ ಹಿಂದಿನದು. ಎರಡು ಸಾವಿರದ ಆರನೆಯ ಇಸವಿಯ ಬೇಸಿಗೆಯಲ್ಲಿ, ಒಂದು ಶುಕ್ರವಾರ ಮಧ್ಯಾಹ್ನ, ಪುರ್ತಗೇರಿಯ ಶಿವನಪ್ಪನ ಟ್ರ್ಯಾಕ್ಟರು ಓಣಿಗೆ ನುಗ್ಗಿ ಬಂದು ನಜೀರಸಾಬರ ಬಾಗಿಲ ಮುಂದೆ ನಿಂತಿತು. ಶಿವನಪ್ಪ ಟ್ರೇಲರಿನಿಂದ ಒಂದು ದೊಡ್ಡ ತಾಮ್ರದ ಹಂಡೆಯನ್ನು ಕಾಲಿನಿಂದ ಒದ್ದು ಕೆಳಗೆ ಕೆಡವಿದ. ಅದು ಉರುಳಿದ ಸಪ್ಪಳಕ್ಕೆ ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

"ಬಾ ಹೊರಗ, ನಜೀರಸಾಬ. ನೀ ಬಳದ ಸೀಸಾ ನೋಡಬಾ."

ಸಂಗತಿ ಏನೆಂದರೆ, ಅವನ ಮಗಳು ಭಾರತಿಯ ನಿಶ್ಚಯದೂಟಕ್ಕೆ ಈ ಹಂಡೆಯಲ್ಲಿ ಹಿಂದಿನ ರಾತ್ರಿಯೇ ಸಾರು ಕಾಸಿಟ್ಟಿದ್ದರು. ಉಂಡವರಲ್ಲಿ ಮೂವತ್ತು ಜನ ವಾಂತಿ ಮಾಡಿಕೊಂಡು ದವಾಖಾನೆ ಸೇರಿದರು. ಎರಡು ದಿನದಲ್ಲಿ ಎಲ್ಲರೂ ಎದ್ದು ಕೂತರೇನೋ ನಿಜ, ಆದರೆ ಗಂಡಿನ ಕಡೆಯವರು, ಇಂಥ ಮನೆಯ ಅನ್ನ ನಮಗೆ ಹತ್ತುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಿಹೋದರು. ಶಿವನಪ್ಪನ ಕಣ್ಣು ಕೆಂಡವಾಗಿತ್ತು. ಹಂಡೆಗೆ ಎಂಟು ದಿನದ ಹಿಂದಷ್ಟೇ ಕಲಾಯಿ ಹಾಕಿದ್ದು ನಜೀರಸಾಬರು.

ಶಾಲೆಗೆ ರಜೆಯಿದ್ದುದರಿಂದ ಇಷ್ರತ ಮನೆಯಲ್ಲೇ ಇದ್ದಳು. ಹೊರಗೆ ಬಂದು ಹಂಡೆಯೊಳಗೆ ಬಗ್ಗಿ ನೋಡಿದಳು. ತಳದಲ್ಲಿ ಅಂಗೈಯಗಲ ಅಂಗೈಯಗಲ ಕೆಂಪು ತಾಮ್ರ ಬಯಲಾಗಿತ್ತು, ಅಂಚಿನಲ್ಲಿ ಹಸಿರು ಕಿಲುಬು. ಟ್ರೇಲರಿನಲ್ಲಿ ಕೂತಿದ್ದ ಶಿವನಪ್ಪನ ತಾಯಿ ಉಡಚವ್ವನನ್ನು ಕೇಳಿದಳು.

"ಅಜ್ಜೀ, ಇದನ್ನ ಹ್ಯಾಂಗ ತೊಳದ್ರಿ?"

"ಹ್ಯಾಂಗ ಅಂದ್ರ? ಇಟ್ಟಂಗಿಪುಡಿ, ಹುಣಸಿಹಣ್ಣು ಹಾಕಿ ಫಳಫಳ ಹೊಳಿಯೂತನಕ ತಿಕ್ಕೀನಿ. ಬೀಗರು ಬರೂ ಮನಿ, ಕರೇ ಹಂಡೇವು ಇಡಾಕ ಆಕ್ಕೈತೇನ ಯವ್ವಾ?"

"ಒಳಗೂ ತಿಕ್ಕಿದ್ರಿ?"

"ಒಳಗ ಮೊದಲು. ಕಲಾಯಿ ಅಂದ್ರ ಬೆಳ್ಳಿಹಾಂಗ ಇರಬೇಕು. ಇದು ಮೂರ ದಿನಕ್ಕ ಕರ್ರಗಾತು."

ವಾಂತಿಯ ಗುಟ್ಟು ಇಷ್ರತಳಿಗೆ ಅಲ್ಲೇ ತಿಳಿಯಿತು. ಮುದುಕಿ ಮರ್ಯಾದೆಯ ಮನುಷ್ಯಳು, ಹೊರಗೆ ತಿಕ್ಕಿದ ಹಾಗೆ ಒಳಗೂ ತಿಕ್ಕಿ ಕಲಾಯಿಯನ್ನೇ ಎಬ್ಬಿಸಿದ್ದಳು. ಹುಳಿಸಾರು ಬರಿ ತಾಮ್ರದಲ್ಲಿ ರಾತ್ರಿಯಿಡೀ ಕೂತು ಕಿಲುಬು ಬಿಟ್ಟುಕೊಂಡಿತ್ತು. ಸೀಸದಿಂದ ಯಾರೂ ಊಟದ ಎಲೆಯ ಮುಂದೆ ವಾಂತಿ ಮಾಡುವುದಿಲ್ಲ, ಸೀಸ ಅಷ್ಟು ಅವಸರದ ವಿಷವಲ್ಲ. ವರ್ಷಗಟ್ಟಲೆ ಒಳಗೆ ಕೂತು ಮಕ್ಕಳ ಬುದ್ಧಿಯನ್ನೇ ಮಂಕು ಮಾಡುತ್ತದೆ ಅದು. ಆದರೆ ಮುದುಕಿ ಹೇಳಿದ ಇನ್ನೊಂದು ಮಾತು ಆಕೆಯ ತಲೆಯಲ್ಲಿ ಮುಳ್ಳಿನಂತೆ ನಿಂತಿತು. ಅಪ್ಪಟ ತವರವಾದರೆ ಮೂರು ದಿನಕ್ಕೆ ಯಾಕೆ ಕಪ್ಪಾಗಬೇಕು?

ಸೀಸ. ಅಂದರೆ ಅಪ್ಪ ಬೆರೆಸಿದ್ದಾರೆ.

ಆಗ ಅವಳಿಗೆ ಆದದ್ದನ್ನು ಮುಚ್ಚಿಡುವುದು ಯಾಕೆ, ಅವಳಿಗೆ ಸಂತೋಷವಾಯಿತು. ಆರು ವರ್ಷದ ಹಿಂದೆ ಸುಟ್ಟ ಪಟ ಬೂದಿಯಿಂದ ಎದ್ದು ಬಂದು ಸಾಕ್ಷಿ ಹೇಳಿದ ಹಾಗಾಯಿತು.

ತಿಕ್ಕಿದ ಸಂಗತಿಯನ್ನು ಆಕೆ ಶಿವನಪ್ಪನಿಗೆ ಬಿಡಿಸಿ ಹೇಳಿದಳು. ಅವನು ಇನ್ನಷ್ಟು ಉರಿದೆದ್ದ. "ನಿಮ್ಮಪ್ಪನ ಕಳವು ನಮ್ಮವ್ವನ ತಲಿಗೆ ಕಟ್ಟತೀಯೇನು? ತಿಕ್ಕಿದ್ರ ಹೋಗೂ ಕಲಾಯಿ ಎಂಥಾದ್ದದು?" ಅಷ್ಟರಲ್ಲಿ ಓಣಿಯ ಮತ್ತಿಬ್ಬರು ಹೆಂಗಸರು, ನಮ್ಮ ಪಾತೇಲಿಯೂ ಈಚೆಗೆ ಬೇಗ ಕಪ್ಪಾಗುತ್ತಿದೆ ಎಂದು ತಂದು ಹಂಡೆಯ ಪಕ್ಕ ಇಟ್ಟರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನಜೀರಸಾಬರು ಹೊಸ್ತಿಲಲ್ಲಿ ನಿಂತು ಎಲ್ಲರ ಬಾಯಿಗಳನ್ನೂ ಒಂದೊಂದಾಗಿ ನೋಡುತ್ತಿದ್ದರು. ಕೊನೆಗೆ ಅಂದರು:

"ರವಿವಾರ ಮುಂಜಾನೆ ಎಲ್ಲಾರೂ ಇಲ್ಲೇ ಬರ್ರಿ. ಅದ ತವರದ ಕಡ್ಡಿ ಇನ್ನೂ ನಾಕು ಉಳದಾವ. ನಿಮ್ಮ ಮುಂದ ಬಗ್ಗಸ್ತೀನಿ. ಅಳಲಿಲ್ಲಂದ್ರ ನಮ್ಮಪ್ಪನ ತಿದಿ ನನ್ನ ಕೈಯಾರ ಭಟ್ಟಿಗೆ ಹಾಕ್ತೀನಿ. ಮತ್ತ ಈ ಜನ್ಮದಾಗ ಕಲಾಯಿ ಹಾಕಂಗಿಲ್ಲ."

ಶಿವನಪ್ಪ ಒಪ್ಪಿ ಹೋದ. ಬಾಗಿಲು ಹಾಕಿದ ಕೂಡಲೇ ಇಷ್ರತ ತಾಯಿಯ ಕಡೆ ತಿರುಗಿದಳು.

"ಅವರನ್ನ ಕೇಳಮ್ಮಾ, ಸೀಸಾ ಬೆರಸಾಕ ಹತ್ತಿ ಎಷ್ಟ ದಿನಾ ಆತಂತ."

ಜಹೀದಾ ಈ ಸಲ ಗಂಡನ ಮುಂದೆ ಹೋಗಲಿಲ್ಲ. "ನಾ ಇದನ್ನ ಹೇಳಂಗಿಲ್ಲ" ಎಂದಳು. "ಅವರು ಬೆರಸೋರಲ್ಲ. ನಿನಗ ಗೊತ್ತಿಲ್ಲದ್ದು ಭಾಳ ಐತಿ, ಸುಮ್ನಿರು."

"ಏನು ಗೊತ್ತಿಲ್ಲ?"

ತಾಯಿ ರೊಟ್ಟಿ ಬಡಿಯಲು ಕೂತಳು, ಅಷ್ಟೇ. ಅಪ್ಪ ಬೆನ್ನು ತಿರುಗಿಸಿ ತಿದಿಯ ಚರ್ಮಕ್ಕೆ ಎಣ್ಣೆ ಸವರುತ್ತಿದ್ದರು. ಇಷ್ಟು ದೊಡ್ಡ ಮಾತು ಆಡಿದರೂ ಅವರ ಬೆನ್ನು ಒಂದಿಷ್ಟೂ ಅಲುಗಲಿಲ್ಲ. ಎಂಥ ಸೊಕ್ಕು ಎಂದು ಇಷ್ರತ ಹಲ್ಲು ಕಚ್ಚಿದಳು.

ರವಿವಾರ ಓಣಿ ತುಂಬಿತು. ಪುರ್ತಗೇರಿಯಿಂದ ಒಂದು ಟ್ರ್ಯಾಕ್ಟರು ಜನ, ಊರೊಳಗಿನ ಪಾತ್ರೆಯವರು, ಸುಮ್ಮನೆ ನೋಡಲು ಬಂದವರು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತವನು ಇಸ್ಮಾಯಿಲಸಾಬ, ಪೇಟೆಯಲ್ಲಿ ತಾಮ್ರ ಹಿತ್ತಾಳೆಯ ಅಂಗಡಿ ಇಟ್ಟವನು. ನಜೀರಸಾಬರಿಗೆ ತವರದ ಕಡ್ಡಿ ಕೊಡುವವನು ಅವನೇ.

ನಜೀರಸಾಬರು ಬಿಳಿ ಜುಬ್ಬಾ ತೊಟ್ಟು ಬಂದಿದ್ದರು. ಒಂದು ಕಡ್ಡಿ ತೆಗೆದು ಎಡಗಿವಿಯ ಹತ್ತಿರ ಹಿಡಿದರು. ಓಣಿಗೆ ಓಣಿಯೇ ಉಸಿರು ಹಿಡಿಯಿತು. ಅವರು ಮೆಲ್ಲಗೆ ಬಗ್ಗಿಸಿದರು, ಕಣ್ಣು ಮುಚ್ಚಿ, ತಲೆ ವಾಲಿಸಿ, ಮೊದಲಿನಿಂದ ಇಷ್ರತ ನೋಡುತ್ತ ಬಂದ ಅದೇ ಠೀವಿಯಲ್ಲಿ.

"ಅಳ್ತು" ಎಂದರು.

"ಅಳ್ತು ಅಳ್ತು, ಇಲ್ಲೀತನಕ ಕೇಳ್ತು" ಎಂದ ಇಸ್ಮಾಯಿಲಸಾಬ, ಯಾರೂ ಕೇಳುವ ಮೊದಲೇ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತವರದ ಅಳು ಹೇಗಿರುತ್ತದೆಂದು ಬಹಳ ಜನಕ್ಕೆ ನೆನಪಿರಲಿಲ್ಲ. ಮಾಲೀಕನ ಕಿವಿಗೆ ಹಿಡಿಯುವ ಪದ್ಧತಿಯನ್ನು ನಜೀರಸಾಬರು ಬಿಟ್ಟು ನಾಲ್ಕೈದು ವರ್ಷವಾಗಿತ್ತು. ನನ್ನ ಹೆಸರು ಸಾಲದೇನು ಎನ್ನುತ್ತಿದ್ದರು, ಜನ ಸಾಕು ಎಂದಿದ್ದರು.

ಇಷ್ರತ ಹೊಸ್ತಿಲಲ್ಲಿ ನಿಂತಿದ್ದಳು, ಅಪ್ಪನಿಂದ ಮೂರು ಮಾರು ಹಿಂದೆ. ಆ ಅಳು ಕೇಳುತ್ತಲೇ ಬೆಳೆದವಳು ಅವಳು. ಕಡ್ಡಿ ಅಳಲಿಲ್ಲ. ಒದ್ದೆ ಬಟ್ಟೆ ಹಿಂಡಿದಷ್ಟೂ ಸಪ್ಪಳ ಮಾಡಲಿಲ್ಲ.

ಕಳ್ಳನಾದವನು ಇಷ್ಟು ಜನರ ಮುಂದೆ ಕಡ್ಡಿ ಬಗ್ಗಿಸಲು ಒಪ್ಪುತ್ತಿದ್ದನೇ? ಸೀಸವೆಂದು ಗೊತ್ತಿದ್ದವನು ಅಪ್ಪನ ತಿದಿಯನ್ನು ಪಣಕ್ಕೆ ಇಡುತ್ತಿದ್ದನೇ? ಅವರ ಮುಖದಲ್ಲಿ ಕಳ್ಳತನ ಇರಲಿಲ್ಲ. ಅವರು ಕಣ್ಣು ತೆರೆದು, ಕೂತವರ ಮುಖಗಳನ್ನು ಗಾಬರಿಯಿಂದ ಓದುತ್ತಿದ್ದರು, ತಾವು ಹೇಳಿದ್ದು ಸರಿಯೇ ಎಂದು ಅಲ್ಲಿ ಹುಡುಕುವಂತೆ.

ಇಷ್ರತಳಿಗೆ ಒಂದೊಂದಾಗಿ ಹೊಳೆಯಿತು. ಮೂವತ್ತೈದು ವರ್ಷ ಹಂಡೆಯ ತಗ್ಗು ಬಡಿದ ಸುತ್ತಿಗೆ. ತಿರುಗದ ಬೆನ್ನು. ಎದುರಿಗೆ ಬಂದು ನಿಂತು ಗಟ್ಟಿಯಾಗಿ ಮಾತು ಒಪ್ಪಿಸುವ ತಾಯಿ. ಮುನಿಸು ಮತ್ತು ಕಿವುಡು ಒಂದೇ ಸಾಲಿನವು, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಹಾಗಾದರೆ ಅವತ್ತು, ಕಿವಿ ಸುಳ್ಳು ಹೇಳಬಹುದು ಎಂದು ತಾನು ನಕ್ಕಾಗ, ಪಟ ಹರಿದದ್ದು ಪಟದ ಸಿಟ್ಟಿಗಲ್ಲ, ಆಗಲೇ ಮಂದವಾಗತೊಡಗಿದ್ದ ಕಿವಿಯ ಸಿಟ್ಟಿಗೆ.

ಸುಮ್ಮನಿದ್ದುಬಿಡಬಹುದಿತ್ತು. ಶಿವನಪ್ಪ ಗೊಣಗುತ್ತ ಏಳುವುದರಲ್ಲಿದ್ದ, ತಿದಿ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಮತ್ತು ನಲವತ್ತು ಹಳ್ಳಿಯ ಮಕ್ಕಳು ಸೀಸದ ಪಾತ್ರೆಯಲ್ಲಿ ಉಣ್ಣುತ್ತಿದ್ದವು. ಮಾತಾಡಿದರೆ ಅಪ್ಪ ಕಳ್ಳನಾಗಬೇಕು, ಇಲ್ಲವೇ ಕಿವುಡನಾಗಬೇಕು. ಎರಡರಲ್ಲಿ ಯಾವುದು ಕಡಿಮೆ ಎಂದು ಯೋಚಿಸಲು ಆಕೆಗೆ ಹೊತ್ತಿರಲಿಲ್ಲ.

ಕೆಳಗಿಳಿದು ಅಪ್ಪನ ಬೆನ್ನ ಹಿಂದೆ ಬಂದು ನಿಂತಳು.

"ಅಬ್ಬಾ."

ಎಷ್ಟೋ ವರ್ಷದ ಮೇಲೆ ಆಕೆಯ ಬಾಯಿಂದ ಆ ಮಾತು ಬಂದದ್ದು ಕೇಳಿ ಓಣಿಯ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ನಜೀರಸಾಬರು ತಿರುಗಲಿಲ್ಲ.

"ಅಬ್ಬಾ. ಕಡ್ಡಿ ನನಗ ಕೊಡ್ರಿ."

ಕುರ್ಚಿಯಲ್ಲಿ ಕೂತ ಇಸ್ಮಾಯಿಲಸಾಬನಿಗೆ ಕೇಳಿಸಿತು, ಕಟ್ಟೆಯ ಮೇಲಿನ ಉಡಚವ್ವನಿಗೆ ಕೇಳಿಸಿತು, ಓಣಿಯ ತುದಿಯಲ್ಲಿ ನಿಂತವರಿಗೂ ಕೇಳಿಸಿತು. ಒಂದು ಮೊಳ ಮುಂದಿದ್ದವರಿಗೆ ಕೇಳಿಸಲಿಲ್ಲ. ಮೂರನೆಯ ಸಲ ಆಕೆ ಕೂಗಲಿಲ್ಲ, ಮನೆಯಲ್ಲಿ ಕರೆಯುವ ಹಾಗೆ ಕರೆದಳು. ಅಷ್ಟು ಹೊತ್ತಿಗೆ ಎಲ್ಲರ ಕಣ್ಣೂ ತನ್ನ ಹಿಂದೆ ನೆಟ್ಟದ್ದನ್ನು ಕಂಡು ನಜೀರಸಾಬರು ತಿರುಗಿದರು. ಮಗಳನ್ನು ನೋಡಿದರು. ಏನಾಗಿದೆ ಎಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ.

ಇಷ್ರತ ಅವರ ಕೈಯಿಂದ ಕಡ್ಡಿ ತೆಗೆದುಕೊಂಡಳು. ಜಹೀದಾ ಒಳಗಿನಿಂದ ಇನ್ನೊಂದು ಮೋಟು ಕಡ್ಡಿ ತಂದು ಮಗಳ ಕೈಗೆ ಇಟ್ಟಳು. ತನ್ನ ಮಾವನ ಕಾಲದ್ದು, ಬರಕತ್ತಿಗೆಂದು, ಮನೆಗೆ ಏಳಿಗೆಯಾಗಲೆಂದು ಪೆಟ್ಟಿಗೆಯಲ್ಲಿ ಕಾದಿಟ್ಟದ್ದು. ಇಷ್ರತ ಅದನ್ನು ಶಿವನಪ್ಪನ ಕಿವಿಗೆ ಹಿಡಿದು ಬಗ್ಗಿಸಿದಳು. ಚಿರ್ರೆಂದಿತು. ಅವನು ಬೆಚ್ಚಿ ತಲೆ ಹಿಂದಕ್ಕೆ ತೆಗೆದ. ಹೊಸದನ್ನು ಹಿಡಿದು ಬಗ್ಗಿಸಿದಳು. ಏನೂ ಇಲ್ಲ. ಆಮೇಲೆ ಸುಣ್ಣ ಬಳಿದ ಗೋಡೆಗೆ, ಒಂದು ಕಾಲಕ್ಕೆ ಪಟ ತೂಗುತ್ತಿದ್ದ ಜಾಗದಲ್ಲೇ, ಎರಡೂ ಕಡ್ಡಿ ಎಳೆದಳು. ಹಳೆಯದು ಗೆರೆ ಮೂಡಿಸಲಿಲ್ಲ. ಹೊಸದು ಪೆನ್ಸಿಲ್ಲಿನ ಹಾಗೆ ಕಪ್ಪಗೆ ಬರೆಯಿತು.

"ಇದು ಐವತ್ತು. ಈ ಹೊಸಾದ್ರಾಗ ಎಂಬತ್ತೆರಡು ಬೆರತೈತಿ" ಎಂದಳು. "ನಮ್ಮ ಅಬ್ಬಾಗ ಕೇಳ್ಸಂಗಿಲ್ಲ. ಕಿವಿ ಇದ್ದೋರಿಗೆ ಅಳಲಿಲ್ಲಂತ ಗೊತ್ತಿತ್ತು. ಇಸ್ಮಾಯಿಲಸಾಬರ, ಇಲ್ಲೀತನಕ ಕೇಳ್ತು ಅಂದ್ರೆಲ್ಲಾ, ಏನು ಕೇಳ್ತು ನಿಮಗ?"

ಇಸ್ಮಾಯಿಲಸಾಬ ಬಾಗಲಕೋಟೆಯ ಮಾಲು, ನನಗೇನು ಗೊತ್ತು ಎಂದು ತೊದಲಿದ. ಶಿವನಪ್ಪ ಅವನ ಕೊರಳಪಟ್ಟಿಗೆ ಕೈ ಹಾಕಿದ. ಓಣಿಯ ಸಿಟ್ಟೆಲ್ಲ ಅವನ ಬೆನ್ನು ಹತ್ತಿ ಪೇಟೆಯ ಕಡೆ ಹೊರಟುಹೋಯಿತು. ಜನಕ್ಕೇನು, ಹೊಡೆಯಲು ಒಂದು ಬೆನ್ನು ಸಿಕ್ಕರೆ ಸಾಕು. ಉಡಚವ್ವ ಮಾತ್ರ ಇಳಿದು ಬಂದು ನಜೀರಸಾಬರ ಮುಂದೆ ಕೈ ಮುಗಿದಳು, ಅವರು ನೋಡಲಿಲ್ಲ.

ಅವರು ಒಳಗೆ ಹೋಗಿ ತಿದಿಯನ್ನು ಹೊತ್ತು ತಂದು, ಭಟ್ಟಿಯ ಬಾಯಿಗೆ ಇಟ್ಟು, ಬೆಂಕಿಪೊಟ್ಟಣಕ್ಕೆ ಜೇಬು ತಡಕಿದರು. ಇಷ್ರತ ಓಡಿ ಬಂದು ತಿದಿಯ ಇನ್ನೊಂದು ತುದಿ ಹಿಡಿದಳು. ಅವರೂ ಬೆಂಕಿಪೊಟ್ಟಣ ಬಿಟ್ಟು ಈ ತುದಿ ಹಿಡಿದರು. ಆಗ ಅವರು ನೇರವಾಗಿ ಮಗಳಿಗೆ ಹೇಳಿದರು.

"ಕಳ್ಳ ಅಂದಿದ್ರ ಊರು ಬಿಟ್ಟು ಹೋಗ್ತಿದ್ದೆ. ಕಿವುಡ ಅಂದಿ. ಈಗ ಈ ಊರಾಗ ಹ್ಯಾಂಗ ಇರ್ಲಿ ಹೇಳು."

"ಆರು ವರ್ಷ ನನ್ನ ವೈರಿ ಮಾಡಿ ಇಟ್ರಿ" ಎಂದಳು ಇಷ್ರತ. ಅವರ ಎದುರಿಗೆ ನಿಂತು, ತುಟಿ ಬಿಡಿಸಿ, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ಕೇಳ್ಸಂಗಿಲ್ಲ ಅಂತ ಒಂದು ಮಾತು ಹೇಳಾಕ ಆಗ್ಲಿಲ್ಲ ನಿಮಗ. ನಾ ಕರದಾಗೆಲ್ಲಾ ಸತ್ತೀನಿ."

"ನಗಾಕ ನಿಂತಾಕಿಗೆ ಹೇಳಬೇಕಿತ್ತೇನು?"

"ನಕ್ಕಿದ್ದು ತಪ್ಪು. ಪಟಾ ಸುಟ್ಟಿದ್ದೂ ತಪ್ಪು. ಒಂದು ಸುಟ್ಟೀರಿ, ಇದನ್ನ ಸುಡಾಕ ಬಿಡಂಗಿಲ್ಲ. ಕಡ್ಡಿ ನಾ ಕೇಳ್ತೀನಿ."

"ನಿನ್ನ ಕಿವಿ ನಂಬಿ ನಾ ತಿದಿ ಒತ್ತಬೇಕು?"

"ನಂಬಬ್ಯಾಡ್ರಿ. ಗ್ವಾಡಿ ಮ್ಯಾಲೆ ಗೆರಿ ಎಳದು ನೋಡಿಕೋರ್ರಿ."

ನಜೀರಸಾಬರು ರೂಢಿಯಂತೆ ಹೆಂಡತಿಯ ಕಡೆ ಮುಖ ತಿರುಗಿಸಿದರು. "ಜಹೀದಾ, ನಿನ್ ಮಗಳಿಗೆ ಹೇಳು..."

"ನೀವ ಹೇಳ್ರಿ. ನನ್ನ ಗಂಟಲಾ ಸವದೈತಿ" ಎಂದು ಜಹೀದಾ ಒಳಗೆ ಹೋದಳು.

ಅಪ್ಪ ಮಗಳು ಇಬ್ಬರೇ ಉಳಿದರು, ನಡುವೆ ತಿದಿ. ಅವರು ಈ ಕಡೆ ಎಳೆದರು, ಆಕೆ ಆ ಕಡೆ ಎಳೆದಳು. ಇಬ್ಬರ ಮುಖದಲ್ಲೂ ಒಂದಿಷ್ಟೂ ಕರುಣೆ ಇರಲಿಲ್ಲ. ಬಹಳ ಹೊತ್ತಾದ ಮೇಲೆ ನಜೀರಸಾಬರು ಅವಳ ಕಣ್ಣಿಗೆ ಕಣ್ಣಿಟ್ಟು ಗದರಿದರು.

"ಮೆತ್ತಗ ಹಿಡಿ. ಚರ್ಮ ಹರೀತೈತಿ."